ಫೆಂಡರ್ ಚಾಂಪ್ 5ಎಫ್1 ಕಿಟ್: ಮೂರು ವಾಲ್ವ್, ಒಂದೇ ನಾಬ್

ಬಿಡಿಭಾಗಗಳ ಕಿಟ್ ತರಿಸಿ, ನಾಲ್ಕು ಭಾನುವಾರ ಕೂತು ಈ ಗಿಟಾರ್ ಆಂಪ್ (ಆಂಪ್ಲಿಫೈಯರ್) ಕಟ್ಟಿದೆ. ಮೂರು ತಿಂಗಳಿಂದ ದಿನಾ ಇದರಲ್ಲೇ ಗಿಟಾರ್ ನುಡಿಸುತ್ತಿದ್ದೇನೆ. ಕಿಟ್ ತರಿಸೋಣವೋ ಬೇಡವೋ ಅಂತ ಯೋಚಿಸುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಚಾಂಪ್ ಅಂದರೆ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಫೆಂಡರ್ ಕಂಪನಿ ಮಾಡುತ್ತಿದ್ದ ಪುಟ್ಟ ಆಂಪ್. ಹೊಸದಾಗಿ ಕಲಿಯುವವರು ಕೊಳ್ಳಲಿ ಅಂತ ಮಾಡಿದ್ದು. 1950ರ ದಶಕದ ಕೊನೆಯ ಅದರ 5ಎಫ್1 ಸರ್ಕ್ಯೂಟ್‌ನಲ್ಲಿ ಮೂರೇ ವಾಲ್ವ್ (ಹಳೆ ರೇಡಿಯೋಗಳಲ್ಲಿ ಇರುತ್ತಿದ್ದ ಗಾಜಿನ ಕೊಳವೆ): ಗಿಟಾರಿನ ಸಣ್ಣ ಸಿಗ್ನಲ್ ಹಿಗ್ಗಿಸಲು 12ಎಎಕ್ಸ್7, ಸ್ಪೀಕರ್ ಓಡಿಸಲು 6ವಿ6, ಎಸಿಯನ್ನು ಡಿಸಿ ಮಾಡಲು 5ವೈ3. ಸುಮಾರು 5 ವಾಟ್. 8 ಇಂಚಿನ ಸ್ಪೀಕರ್. ಬಾಸ್ ಇಲ್ಲ, ಟ್ರೆಬಲ್ ಇಲ್ಲ, ವಾಲ್ಯೂಮ್ ಮಾತ್ರ.

ಅಮೆರಿಕದ ಅಂಗಡಿಯೊಂದರಿಂದ ತರಿಸಿದೆ. ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ 46 ಸಾವಿರ ಆಯ್ತು. ಪೆಟ್ಟಿಗೆ, ಸ್ಪೀಕರ್ ಇದರಲ್ಲಿ ಸೇರಿಲ್ಲ. ಆರ್ಡರ್ ಮಾಡುವಾಗ 240 ವೋಲ್ಟಿನ, 50 ಹರ್ಟ್ಸ್‌ಗೆ ಆಗುವ ಪವರ್ ಟ್ರಾನ್ಸ್‌ಫಾರ್ಮರ್ ಬೇಕು ಅಂತ ಕೇಳಿ ಪಡೆಯಿರಿ. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ಅದನ್ನು ನಮ್ಮ ಪ್ಲಗ್ಗಿಗೆ ಹಾಕಿದರೆ ಅಲ್ಲೇ ಸುಟ್ಟುಹೋಗುತ್ತದೆ.

ಟ್ರಾನ್ಸ್‌ಫಾರ್ಮರ್‌ಗಳು ನಿಜಕ್ಕೂ ಚೆನ್ನಾಗಿವೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬೋರ್ಡ್ ಕೂಡ ಹಳೆಯ ರೀತಿಯದೇ. ಬೆಲ್ಟಿಗೆ ಹೊಡೆಯುತ್ತಾರಲ್ಲ, ಅಂಥ ಐಲೆಟ್‌ಗಳಲ್ಲಿ ಬಿಡಿಭಾಗಗಳ ತಂತಿಕಾಲು ಇಳಿಸಿ ಬೆಸುಗೆ ಹಾಕಬೇಕು. ಕೈ ಆಡಿಸಲು ಜಾಗ ಜಾಸ್ತಿ, ತಪ್ಪಾದರೆ ಬಿಚ್ಚುವುದೂ ಸುಲಭ.

ಆದರೆ ಎರಡು ದೂರು ಇವೆ. ಎರಡು 68ಕೆ (68 ಸಾವಿರ ಓಮ್) ರೆಸಿಸ್ಟರ್ ಇರಬೇಕಿತ್ತು, ಬಂದಿದ್ದು ಒಂದೇ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋಗಿ ತಂದೆ, ಅದು ದೊಡ್ಡ ವಿಷಯ ಅಲ್ಲ. ಎರಡನೆಯದು ಮಾತ್ರ ಬೇಜಾರು ತರಿಸಿತು. 6ವಿ6ಗೂ ಸ್ಪೀಕರಿಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತಂತಿಗಳ ಬಣ್ಣಕ್ಕೂ ಅವರು ಕೊಟ್ಟ ಚಿತ್ರಕ್ಕೂ ಹೊಂದಿಕೆಯಿಲ್ಲ. ಚಿತ್ರ ನಂಬಿ ಜೋಡಿಸಿ ಆನ್ ಮಾಡಿದರೆ ಸ್ಪೀಕರ್ ಕಿರ್ರೋ ಅಂತ ಕಿರುಚಿತು. ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಈ ಸರ್ಕ್ಯೂಟಿನಲ್ಲಿ ಸ್ಪೀಕರ್ ಕಡೆಯ ಸಿಗ್ನಲ್ ಸ್ವಲ್ಪ ಹಿಂದಕ್ಕೆ ಹೋಗಿ ಒಳಗಿನ ಸಿಗ್ನಲ್ಲಿನಿಂದ ಕಳೆಯಬೇಕು. ತಂತಿ ಅದಲುಬದಲಾದರೆ ಅದೇ ಸಿಗ್ನಲ್ ಕೂಡಿಕೊಳ್ಳುತ್ತದೆ. 6ವಿ6 ಕಡೆಯ ನೀಲಿ, ಕೆಂಪು ತಂತಿ ಬದಲಿಸಿದೆ, ಕಿರುಚಾಟ ನಿಂತಿತು. ಈ ಒಂದು ಸಾಲು ಅವರ ಪುಸ್ತಕದಲ್ಲಿ ಇರಬೇಕಿತ್ತು ಅಲ್ವಾ?

ತುಮಕೂರಿನ ನನ್ನ ಸೋದರಮಾವ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಮೊದಲ ಸಲ ಪವರ್ ಕೊಡುವ ದಿನ ಬಂದು ಪಕ್ಕದಲ್ಲೇ ಕೂತರು. "ನೇರ ಪ್ಲಗ್ಗಿಗೆ ಹಾಕಬೇಡ ಕಣೋ, ಸೀರೀಸ್ ಲ್ಯಾಂಪ್ ಹಾಕು. ಎಡಗೈ ಜೇಬಲ್ಲಿರಲಿ" ಅಂದರು. ಸೀರೀಸ್ ಲ್ಯಾಂಪ್ ಅಂದರೆ ಕರೆಂಟ್ ದಾರಿಯಲ್ಲಿ ಒಂದು ಬಲ್ಬ್; ಒಳಗೆ ಶಾರ್ಟ್ ಇದ್ದರೆ ಆಂಪ್ ಸುಡುವ ಬದಲು ಬಲ್ಬ್ ಉರಿಯುತ್ತದೆ. ಒಂದು ಕೈ ಜೇಬಲ್ಲಿದ್ದರೆ ಕರೆಂಟ್ ಒಂದು ಕೈಯಿಂದ ಇನ್ನೊಂದಕ್ಕೆ, ಎದೆಯ ಮೂಲಕ ಹರಿಯುವ ಭಯ ಕಡಿಮೆ. ಒಳಗೆ 350 ವೋಲ್ಟ್ ಹತ್ತಿರ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು. ಅವುಗಳ ಎರಡು ತುದಿಗೆ ರೆಸಿಸ್ಟರ್ ತಾಗಿಸಿ (ಬರಿಗೈ ಮುಟ್ಟದಂತೆ) ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಇದು ಗೊತ್ತಿಲ್ಲದವರು ದಯವಿಟ್ಟು ಒಬ್ಬರೇ ಕೂತು ಈ ಕೆಲಸ ಮಾಡಬೇಡಿ. ಮೂರು ಪಿನ್ನಿನ ಪ್ಲಗ್ ಹಾಕಿ ಅರ್ತ್ ಅನ್ನು ಚಾಸಿಗೆ (ಆಂಪಿನ ಲೋಹದ ತಟ್ಟೆಗೆ) ಗಟ್ಟಿಯಾಗಿ ಬಿಗಿಯಿರಿ.

6ವಿ6 ವಾಲ್ವಿನ ಕ್ಯಾಥೋಡ್ ಕಾಲಿಗೆ ಸೇರಿದ 470 ಓಮ್ ರೆಸಿಸ್ಟರ್ ಮೇಲೆ 18 ವೋಲ್ಟ್ ಬಂತು. ಅಂದರೆ ಆ ವಾಲ್ವಿನಲ್ಲಿ ಹರಿಯುವ ಕರೆಂಟ್ 38 ಮಿಲಿಆಂಪ್. ಸರಿಯಾಗಿದೆ ಅಂತ ಮಾವ ತಲೆಯಾಡಿಸಿದರು.

ಶಬ್ದದ ಬಗ್ಗೆ ಹೇಳಲೇಬೇಕು. ನಾಬ್ 4ರಲ್ಲಿದ್ದಾಗ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. 7 ದಾಟಿದರೆ ಅದೇ ಕಾರ್ಡ್ (ಒಟ್ಟಿಗೆ ಮೀಟಿದ ಸ್ವರಗಳು) ದಪ್ಪಗಾಗಿ, ಅಂಚಿನಲ್ಲಿ ಸ್ವಲ್ಪ ಹರಿದಂತೆ ಬರುತ್ತದೆ. ಮೆಲ್ಲಗೆ ಮೀಟಿದರೆ ಮತ್ತೆ ತಿಳಿಯಾಗುತ್ತದೆ. ಟೋನ್ ನಾಬ್ ಇಲ್ಲದ್ದರಿಂದ ಎಲ್ಲವನ್ನೂ ಬೆರಳಿನಲ್ಲೇ ಮಾಡಬೇಕು. ಹತ್ತು ವರ್ಷ ನುಡಿಸಿದ ಮೇಲೆ ಈಗ ನನ್ನ ಬಲಗೈಯನ್ನು ನಾನು ಕೇಳಿಸಿಕೊಳ್ಳುತ್ತಿದ್ದೇನೆ. ಸುಮ್ನೆ ಕೂತಾಗ ಸಣ್ಣ ಗುಂಯ್ ಇದ್ದೇ ಇರುತ್ತದೆ. ಒಂದೇ ಪವರ್ ವಾಲ್ವಿನ ಆಂಪ್‌ಗಳಲ್ಲಿ ಅದು ಸಹಜ.

ಪೈನ್ ಪೆಟ್ಟಿಗೆಯನ್ನು ನಮ್ಮ ಬೀದಿಯ ಬಡಗಿಯಿಂದ ಮಾಡಿಸಿದೆ. ಚೆನ್ನಾಗಿದೆ.

ವಾಲ್ವ್ ವಿಷಯದಲ್ಲಿ ಒಂದು ಮಾತು. ಕಿಟ್ ಜೊತೆ ಬಂದ 12ಎಎಕ್ಸ್7 ಆಂಪ್ ತಟ್ಟಿದರೆ ಟಿಂಗ್ ಅನ್ನುತ್ತಿತ್ತು. ಮಾವ ತಮ್ಮ ಹಳೆ ಡಬ್ಬಿಯಿಂದ ಒಂದು ಇಸಿಸಿ83 ತೆಗೆದುಕೊಟ್ಟರು. ಹೆಸರು ಬೇರೆ, ವಾಲ್ವ್ ಒಂದೇ. ಗಾಜಿನ ಮೇಲೆ ಮಾಸಿದ ಅಕ್ಷರದಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಅಂತಿತ್ತು, ಬೆಂಗಳೂರಿನ ನಮ್ಮ ಜಾಲಹಳ್ಳಿಯದು. ಸಾಕೆಟ್ಟಿಗೆ ಕೂರಿಸಿ ಅರ್ಧ ನಿಮಿಷ ಕಾದೆವು. ಟಿಂಗ್ ಇಲ್ಲ. "ಇನ್ನೊಂದು ಸಲ ಬಾರಿಸು" ಅಂದರು ಮಾವ. ಆ ವಾಲ್ವನ್ನು ಇವತ್ತಿನವರೆಗೂ ತೆಗೆದಿಲ್ಲ.