ದಿನದ ಬಡ್ಡಿಯೋ, ಸಂಘವೋ, ಸ್ವನಿಧಿಯೋ: ಹೂವಿನ ವ್ಯಾಪಾರಕ್ಕೆ ನನಗೆ ಒಗ್ಗಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಿಸುವ ಸ್ವನಿಧಿಗೆ. ಮಲೆನಾಡಿನ ಒಂದು ಪೇಟೆಯಲ್ಲಿ ಬೆಳಗಿನ ಹೂವಿನ ವ್ಯಾಪಾರ ನನ್ನದು. ಮಾಲು ಶಿವಮೊಗ್ಗದ ಗಾಂಧಿ ಬಜಾರಿನಿಂದ ಬರುತ್ತದೆ. ನಗದು ಕೊಟ್ಟರೆ ಒಳ್ಳೆ ಸೇವಂತಿಗೆ, ಉದ್ದರಿ ಹೇಳಿದರೆ ಉಳಿದಿದ್ದು. ಹಾಗಾಗಿ ಬಂಡವಾಳಕ್ಕೆ ಮೂರೂ ಕಡೆ ಸಾಲ ಮಾಡಿ ನೋಡಿದ್ದೇನೆ.

ದಿನದ ಬಡ್ಡಿಯವರ ಹತ್ತಿರ ಕೇಳಿದ ಸಂಜೆಯೇ ದುಡ್ಡು ಸಿಗುತ್ತದೆ. ಅದೊಂದು ಸುಖ, ಸುಳ್ಳು ಹೇಳಬಾರದು. 10,000 ಅಂತ ಬರೆದುಕೊಂಡು 9,000 ಕೈಗೆ ಕೊಡುತ್ತಾರೆ. ದಿನಾ 100ರಂತೆ 100 ದಿನ ಕಟ್ಟಬೇಕು. ಸಾವಿರ ತಾನೆ ಅನ್ನಿಸುತ್ತದೆ ಅಲ್ವಾ? ಆದರೆ ಅಸಲು ದಿನಾ ಕಮ್ಮಿಯಾಗುತ್ತಿರುತ್ತದೆ. ಅದನ್ನು ಹಿಡಿದು ಲೆಕ್ಕ ಹಾಕಿದರೆ ವರ್ಷಕ್ಕೆ ನೂರಕ್ಕೆ 75ರ ಮೇಲೆ ಬೀಳುತ್ತದೆ. ಅದರ ಮೇಲೆ ಆಷಾಢ. ಮದುವೆ ಇಲ್ಲ, ಮಳೆ ಬಿಡುವುದಿಲ್ಲ, ಮಲ್ಲಿಗೆ ಬುಟ್ಟಿಯಲ್ಲೇ ಕೊಳೆಯುತ್ತದೆ. ವಸೂಲಿಯವನು ಮಾತ್ರ ರೈನ್‌ಕೋಟ್ ಹಾಕಿಕೊಂಡು ಹಾಜರ್.

ಸ್ತ್ರೀಶಕ್ತಿ ಸಂಘದಲ್ಲಿ ಬಡ್ಡಿ ಕಡಿಮೆ, ಮಾತು ಜಾಸ್ತಿ. ಸರದಿ ಬರುವ ತನಕ ಕಾಯಬೇಕು.

ಸ್ವನಿಧಿ ಕೇಂದ್ರದ ಯೋಜನೆ, 2020ರಲ್ಲಿ ಲಾಕ್‌ಡೌನ್ ಹೊತ್ತಿಗೆ ಬಂದಿದ್ದು. ಅರ್ಜಿ ನಡೆಯುವುದು ನಗರ ಸಂಸ್ಥೆಯ ಮೂಲಕ, ಸಾಲ ಕೊಡುವುದು ಬ್ಯಾಂಕು. ಅಡವು ಬೇಡ. ನಾನು ತೆಗೆದುಕೊಂಡಾಗ ಮೊದಲ ಸಾಲ 10,000 ಇತ್ತು, ತಿಂಗಳ ಕಂತಿನಲ್ಲಿ ಒಂದು ವರ್ಷಕ್ಕೆ ತೀರಿಸಬೇಕು. ಬ್ಯಾಂಕ್ ಬಡ್ಡಿ ನೂರಕ್ಕೆ 12 ಅಂತಿಟ್ಟುಕೊಂಡರೂ ವರ್ಷಕ್ಕೆ 700 ರೂಪಾಯಿ ದಾಟುವುದಿಲ್ಲ. ಕಂತು ತಪ್ಪದಿದ್ದರೆ ಆ 12ರಲ್ಲಿ 7ರಷ್ಟು ಸಬ್ಸಿಡಿಯಾಗಿ ಖಾತೆಗೆ ವಾಪಸ್. ಫೋನ್‌ನಲ್ಲಿ ದುಡ್ಡು ತೆಗೆದುಕೊಂಡರೆ ಸ್ವಲ್ಪ ಕ್ಯಾಶ್‌ಬ್ಯಾಕ್ ಕೂಡ ಇದೆ. ಅದನ್ನು ನಂಬಿ ಕೂರಬೇಡಿ.

ತಲೆ ಕೆಟ್ಟಿದ್ದು ಶಿಫಾರಸು ಪತ್ರದ ವಿಷಯಕ್ಕೆ. ನಾನಿರುವುದು ಪೇಟೆಯ ಹೊರಗಿನ ಹಳ್ಳಿಯಲ್ಲಿ. ವ್ಯಾಪಾರಿಗಳ ಸಮೀಕ್ಷೆ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಸುತ್ತಲ ಹಳ್ಳಿಯಿಂದ ಬಂದು ಮಾರುವವರಿಗೂ ಸಾಲ ಉಂಟು, ಆದರೆ ಇಲ್ಲೇ ವ್ಯಾಪಾರ ಮಾಡುತ್ತಾರೆ ಅಂತ ನಗರ ಸಂಸ್ಥೆಯ ಕಚೇರಿಯವರು ಶಿಫಾರಸು ಪತ್ರ ಬರೆದುಕೊಡಬೇಕು. ಅದಕ್ಕೆ ಜಾಗ ನೋಡಲು ಬರುತ್ತಾರೆ. ಬಂದಿದ್ದು ಹನ್ನೊಂದು ಗಂಟೆಗೆ. ಒಂಬತ್ತಕ್ಕೆಲ್ಲ ನನ್ನ ಬುಟ್ಟಿ ಖಾಲಿ, ನಾನು ಮನೆಯಲ್ಲಿ. ‘ಜಾಗದಲ್ಲಿ ಯಾರೂ ಇಲ್ಲ’ ಅಂತ ಬರೆದುಕೊಂಡು ಹೋದರು. ಎರಡನೇ ಸಲವೂ ಅದೇ ಕಥೆ.

ಹೋಗಿ ಕೇಳಿದೆ, “ಸರ್, ಹನ್ನೊಂದು ಗಂಟೆಗೆ ಹೂವು ಯಾರು ಮುಡೀತಾರೆ?”

“ನಮ್ಮ ಆಫೀಸ್ ಶುರುವಾಗೋದೇ ಹತ್ತರ ಮೇಲೆ ಕಣಮ್ಮ.”

ಅವರದ್ದೂ ಸರಿಯೇ ಇರಬಹುದು. ಆದರೆ ಹೂವು, ಹಾಲು, ಸೊಪ್ಪು ಮಾರುವವರೆಲ್ಲ ಬೆಳಗಿನ ಜನ. ನಮ್ಮನ್ನು ನೋಡಬೇಕೆಂದರೆ ಬೆಳಿಗ್ಗೆಯೇ ಬರಬೇಕಲ್ಲ! ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ, ನಮ್ಮಂಥವರ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಒಬ್ಬ ಹೂವಿನವಳು ಇದ್ದಿದ್ದರೆ ಈ ಗಂಟೆಯ ತಕರಾರು ಹುಟ್ಟುತ್ತಲೇ ಇರಲಿಲ್ಲ.

ಕೊನೆಗೆ ಪಕ್ಕದ ಬಾಳೆಹಣ್ಣಿನ ಅಣ್ಣ ವ್ಯಾಪಾರಿಗಳ ಸಂಘಕ್ಕೆ ಸೇರಿಸಿ, ಸದಸ್ಯತ್ವದ ಚೀಟಿ ಕೊಡಿಸಿದರು. ಒಂದು ದಿನ ಮಾರದೆ ನಾಲ್ಕು ಮಾರು ಸೇವಂತಿಗೆ ಉಳಿಸಿಕೊಂಡು ಮಧ್ಯಾಹ್ನದ ತನಕ ಕೂತೆ. ಬಾಡಿದ ಹೂವಿನ ಜೊತೆ ನನ್ನ ಫೋಟೋ ತೆಗೆದುಕೊಂಡು ಹೋದರು. ಪತ್ರ ಬಂತು. ನೀವೂ ಹಳ್ಳಿಯಿಂದ ಬರುವವರಾದರೆ ಮೊದಲು ಸಂಘದ ಚೀಟಿ ಮಾಡಿಸಿ. ಆಧಾರ್‌ಗೆ ಈಗಿನ ಫೋನ್ ನಂಬರ್ ಸೇರಿದೆಯಾ ನೋಡಿಕೊಳ್ಳಿ, ಒಟಿಪಿ ಅಲ್ಲಿಗೇ ಬರುವುದು.

ದಿನದ ದುಡ್ಡು ದಿನಾ ಎಣಿಸಿ ಕೊಡುವುದು ನನ್ನ ಕೈಲಾಗುವುದಿಲ್ಲ. ದಿನಾ ಸ್ವಲ್ಪ ಡಬ್ಬಿಗೆ ಹಾಕಿ ತಿಂಗಳಿಗೊಮ್ಮೆ ಕಟ್ಟುವುದು ನನಗೆ ಸಲೀಸು. ಮಳೆಗಾಲದಲ್ಲಿ ಎರಡು ವಾರ ಡಬ್ಬಿ ಖಾಲಿ ಹೊಡೆದರೂ ಉಳಿದ ಎರಡು ವಾರದಲ್ಲಿ ಸರಿಮಾಡಬಹುದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದಿಢೀರ್ ದುಡ್ಡು ಬೇಕಾದರೆ ಸ್ವನಿಧಿ ಆಗಿಬರುವುದಿಲ್ಲ, ಅದಕ್ಕೆ ಸ್ತ್ರೀಶಕ್ತಿ ಸಂಘದಲ್ಲಿ ಮುಂಚೆಯೇ ಹೇಳಿಡುತ್ತೇನೆ. 2025ರಲ್ಲಿ ಮೊದಲ ಸಾಲ 15,000ಕ್ಕೆ, ಎರಡನೆಯದು 25,000ಕ್ಕೆ ಏರಿದೆ. ಮೂರನೆಯದು ಮೊದಲಿನಂತೆ 50,000. ನಾನು ಎರಡನೆಯದಕ್ಕೆ ಅರ್ಜಿ ಹಾಕಿದ್ದೇನೆ. ಒಂದು ದೊಡ್ಡ ಛತ್ರಿ, ಕಬ್ಬಿಣದ ಸ್ಟ್ಯಾಂಡು, ಉಳಿದಿದ್ದು ಹೂವಿಗೆ.