ಪೇಪರ್, ಪ್ಯಾಡ್, ತಾರಸಿ, ಹುಲ್ಲಿನ ಟ್ರೇ: ನಾಲ್ಕನ್ನೂ ಮಾಡಿ ನೋಡಿದ ಮೇಲೆ

ರಾಗಿ ನಮ್ಮ ಮನೆಗೆ ಬಂದಾಗ ಅವಳಿಗೆ ಎರಡು ತಿಂಗಳು. ಬೀದಿ ನಾಯಿಯ ಮರಿ, ಮುದ್ದೆಯ ಬಣ್ಣ, ಅದಕ್ಕೇ ಆ ಹೆಸರು. ನಮ್ಮದು ವಿಜಯನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಲಿಫ್ಟ್ ಇಲ್ಲ. ಲಸಿಕೆ ಪೂರ್ತಿ ಆಗುವವರೆಗೆ ರಸ್ತೆಗೆ ಇಳಿಸಲೇಬೇಡಿ ಎಂದು ಡಾಕ್ಟರ್ ಹೇಳಿದ್ದರು. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮರಿಗೆ ತಗುಲಿದರೆ ಜೀವಕ್ಕೇ ಅಪಾಯ. ಕೊನೆಯ ಡೋಸ್ ಬೀಳುವುದು ಸುಮಾರು 16 ವಾರಕ್ಕೆ, ಆಮೇಲೂ ಒಂದೆರಡು ವಾರ ಕಾಯಬೇಕು. ಅಷ್ಟು ದಿನ ಸುಸ್ಸು, ಕಕ್ಕ ಎಲ್ಲ ಮನೆಯಲ್ಲೇ ಆಗಬೇಕು. ಎಲ್ಲಿ ಅನ್ನೋದೇ ಪ್ರಶ್ನೆ.

ಮೊದಲು ಪೇಪರ್. ಹಳೆ ಪೇಪರ್ ರಾಶಿ ಇತ್ತು, ಖರ್ಚಿಲ್ಲ. ಆದರೆ ಒಂದು ಪದರ ಹಾಸಿದರೆ ನೆಲಕ್ಕೆ ಇಳಿಯುತ್ತದೆ, ಐದು ಪದರ ಹಾಸಿದರೆ ಎಳೆದು ಹರಿಯುತ್ತಾಳೆ. ಒದ್ದೆ ಕಾಲಲ್ಲೇ ಹಾಲ್‌ಗೆ ಓಡಿ ಬರುತ್ತಾಳೆ. ನಾಲ್ಕನೇ ದಿನ, ಅಪ್ಪ ಓದಿ ಕುರ್ಚಿ ಪಕ್ಕ ಇಟ್ಟಿದ್ದ ಅವತ್ತಿನ ಪೇಪರ್ ಮೇಲೇ ಕೂತಳು. ಅವಳದ್ದು ತಪ್ಪಲ್ಲ. ನಾವು ಕಲಿಸಿದ್ದೇ ಅದು.

ಆಮೇಲೆ ಅಂಗಡಿಯ ಪ್ಯಾಡ್. ನಮಗೆ ಒಂದಕ್ಕೆ ಹತ್ತಿರ ಹತ್ತಿರ 20 ರೂಪಾಯಿ ಬಿತ್ತು, ದಿನಕ್ಕೆ ನಾಲ್ಕು ಬೇಕಾಯಿತು. ಅನುಕೂಲ ಇಲ್ಲ ಅನ್ನಲಾರೆ. ಮಗುವಿನ ಡೈಪರ್‌ನಂತೆ ನೀರು ಹೀರಿಕೊಂಡು ಒಳಗೆ ಅಂಟಿನ ಹಾಗೆ ಗಟ್ಟಿಯಾಗುತ್ತದೆ, ನೆಲ ಒಣಗಿರುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದಾಗ ಅದು ದೊಡ್ಡ ಸಹಾಯ. ಕಸದ ವಿಷಯ ಮಾತ್ರ ಬೇಸರ. ಹಸಿ ಕಸಕ್ಕೂ ಹಾಕುವ ಹಾಗಿಲ್ಲ, ಒಣ ಕಸಕ್ಕೂ ಹಾಕುವ ಹಾಗಿಲ್ಲ. ಸುತ್ತಿ, ಡೈಪರ್‌ನಂಥ ಕಸ ಹಾಕುವ ಕೆಂಪು ಬಕೆಟ್‌ಗೇ ಹಾಕಬೇಕು. ಎರಡು ದಿನಕ್ಕೆ ಅದು ತುಂಬಿ ಹೋಗುತ್ತಿತ್ತು.

ನಿಜವಾದ ತೊಂದರೆ ಮೂರನೇ ವಾರಕ್ಕೆ ಗೊತ್ತಾಯಿತು. ಪ್ಯಾಡ್ ಮೆತ್ತಗೆ ಬಟ್ಟೆಯ ಹಾಗಿರುತ್ತದೆ. ರಾಗಿ ಬಚ್ಚಲ ಮನೆಯ ಮ್ಯಾಟ್ ಮೇಲೆ ಹೋದಳು. ಮಾರನೇ ದಿನ ಅಮ್ಮನ ಜಮಖಾನದ ಮೇಲೆ. ಹತ್ತಿರ ಕೂತು ನೋಡಿದೆ. ಮೂಗು ನೆಲಕ್ಕೆ ತಾಗಿಸಿ ಸುತ್ತುತ್ತಿದ್ದಳು. ಮುಂಗಾಲು ಟೈಲ್ಸ್ ಮೇಲಿದ್ದಾಗ ಮುಂದೆ ಹೋಗುತ್ತಿದ್ದಳು, ಮ್ಯಾಟ್‌ನ ಅಂಚು ಪಾದಕ್ಕೆ ಸಿಕ್ಕ ತಕ್ಷಣ ನಿಂತಳು, ಬಾಲದ ಬುಡ ಎತ್ತಿದಳು. ಆಗ ಅರ್ಥವಾಯಿತು. ಮರಿ ಜಾಗ ನೆನಪಿಟ್ಟುಕೊಳ್ಳುವುದಕ್ಕಿಂತ ಜಾಸ್ತಿ, ಕಾಲಡಿಗೆ ಏನಿದೆ ಅನ್ನೋದನ್ನು ನೆನಪಿಟ್ಟುಕೊಳ್ಳುತ್ತದೆ. ಎರಡು ತಿಂಗಳ ಹೊತ್ತಿಗೆ ಆ ಅಭ್ಯಾಸ ಕೂರುವುದಕ್ಕೆ ಶುರುವಾಗುತ್ತದೆ. ಹಾಗಾಗಿ ಯಾವುದು ಸುಲಭ ಎಂದು ಕೇಳಬಾರದು. ದೊಡ್ಡದಾದ ಮೇಲೆ ನಮ್ಮ ನಾಯಿ ಯಾವುದರ ಮೇಲೆ ಹೋಗಬೇಕು ಎಂದು ಮೊದಲ ದಿನವೇ ಕೇಳಿಕೊಳ್ಳಬೇಕು.

ಮಧ್ಯೆ ತಾರಸಿಯನ್ನೂ ನೋಡಿದೆವು. ಬೀದಿ ನಾಯಿಗಳು ಬರುವುದಿಲ್ಲ, ಗಾಳಿ ಬೆಳಕು ಇದೆ, ಒಂದು ಬಕೆಟ್ ನೀರು ಹಾಕಿದರೆ ಆಯಿತು ಅಂದುಕೊಂಡೆವು. ಒಂದು ವಾರ ಚೆನ್ನಾಗಿಯೇ ನಡೆಯಿತು. ಒಂದು ದಿನ ಕೆಳಗಿನ ಮನೆಯ ಓನರ್ ಮೆಟ್ಟಿಲ ಹತ್ತಿರ ನಿಲ್ಲಿಸಿ, "ನಾಯಿ ಸಾಕಬೇಡಿ ಅನ್ನಲ್ಲಮ್ಮ. ಆದ್ರೆ ತಾರಸಿ ಮಳೆನೀರು ಸಂಪ್‌ಗೆ ಬರುತ್ತೆ ಅಲ್ವಾ?" ಅಂದರು. ಅವರ ಮಾತು ಸರಿ. ಮಳೆಕೊಯ್ಲು ಇರುವ ಮನೆಯಲ್ಲಿ ತಾರಸಿ ಅಂದರೆ ಕುಡಿಯದಿದ್ದರೂ ಬಳಸುವ ನೀರೇ. ಅವತ್ತೇ ನಿಲ್ಲಿಸಿದೆವು. ಸಿಮೆಂಟ್ ನೆಲ ಕಲಿತರೆ ಪಾರ್ಕಿಂಗ್ ಜಾಗವೂ ಅವಳಿಗೆ ಅದೇ ಆಗುತ್ತಿತ್ತು.

ಕೊನೆಗೆ ಬಾಲ್ಕನಿಯಲ್ಲಿ ಹುಲ್ಲು. ಪ್ಲಾಸ್ಟಿಕ್ ಹುಲ್ಲಿನ ಟ್ರೇ ಬೇಡ. ದಿನಾ ಉಜ್ಜಿ ತೊಳೆದರೂ ಎಳೆಗಳ ಬುಡದಲ್ಲಿ ವಾಸನೆ ಉಳಿಯುತ್ತದೆ. ನಿಜವಾದ ಹುಲ್ಲೇ ಆಗಬೇಕು. ನರ್ಸರಿಯಲ್ಲಿ ಲಾನ್‌ಗೆ ಹಾಕುವ ಹುಲ್ಲನ್ನು ಮಣ್ಣು ಸಮೇತ ತುಂಡು ಮಾಡಿ ಕೊಡುತ್ತಾರೆ. ಎರಡಡಿ ಉದ್ದದ ಟ್ರೇಗೆ ಕೆಳಗೆ ತೂತು ಹಾಕಿ, ಅಡಿಗೊಂದು ತಟ್ಟೆ ಇಟ್ಟು, ಮರಳು ಹರಡಿ, ಮೇಲೆ ಹುಲ್ಲು ಕೂರಿಸಿದೆ. ಸುಸ್ಸು ಆದ ಮೇಲೆ ತರಕಾರಿ ತೊಳೆದ ನೀರು ಒಂದು ಮಗ್ ಹಾಕುತ್ತಿದ್ದೆ. ಆದರೂ ಮೂತ್ರದ ಯೂರಿಯಾ ಜಾಸ್ತಿಯಾಗಿ ಹುಲ್ಲು ಹಳದಿಯಾಗುತ್ತದೆ. ಮೂರು ವಾರಕ್ಕೊಮ್ಮೆ ಬದಲಿಸಬೇಕಾಯಿತು. ಕೆಲಸ ಜಾಸ್ತಿ, ನಿಜ. ಆದರೆ ಹತ್ತೇ ದಿನದಲ್ಲಿ ಅವಳು ತಾನಾಗಿ ಬಾಲ್ಕನಿ ಬಾಗಿಲಿಗೆ ಹೋಗಿ ನಿಲ್ಲತೊಡಗಿದಳು. ಮ್ಯಾಟ್, ಜಮಖಾನದ ಕಡೆ ತಿರುಗಿ ನೋಡಲಿಲ್ಲ.

ಎಲ್ಲಿಗೆ ಕರೆದೊಯ್ದರೂ ಹೊತ್ತು ನೋಡಲೇಬೇಕು. ನಿದ್ದೆಯಿಂದ ಎದ್ದ ಕೂಡಲೇ, ಆಟ ಮುಗಿದ ಮೇಲೆ, ಊಟವಾಗಿ ಕಾಲು ಗಂಟೆಯೊಳಗೆ. ಎರಡು ತಿಂಗಳ ಮರಿ ಹಗಲಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆಯಲಾರದು. ತಪ್ಪಾದಾಗ ಮೂಗು ಉಜ್ಜುವುದು, ಹೊಡೆಯುವುದು ದಯವಿಟ್ಟು ಬೇಡ. ಮರಿ ಕಲಿಯುವುದು ನಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಹೋಗುವುದನ್ನು ಮಾತ್ರ. ಫಿನಾಯಿಲ್ ಕೂಡ ಬೇಡ. ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ಅವಳ ಮೂಗಿಗೆ ಇಲ್ಲ. ಮೇಲಾಗಿ ಒದ್ದೆ ನೆಲದಲ್ಲಿ ಓಡಾಡಿ ಪಾದ ನೆಕ್ಕುತ್ತಾಳೆ, ಅದು ವಿಷ. ವಾಸನೆಯನ್ನು ಮುಚ್ಚದೆ ಬುಡದಿಂದಲೇ ಒಡೆಯುವ, ಎನ್‌ಜೈಮ್ ಇರುವ ಕ್ಲೀನರ್ ಒಂದು ಬಾಟಲಿ ತಂದಿಟ್ಟುಕೊಳ್ಳಿ.

ಲಸಿಕೆ ಮುಗಿದು ಹೊರಗೆ ಇಳಿಸಿದಾಗಲೇ ಹುಲ್ಲಿನ ನಿಜವಾದ ಲಾಭ ಕಂಡಿದ್ದು. ಮೊದಲ ಮೂರು ದಿನ ರಸ್ತೆಯ ಸದ್ದಿಗೆ ಹೆದರಿ ಏನೂ ಮಾಡದೆ ಮನೆಗೆ ಬಂದು ಟ್ರೇ ಹತ್ತಿದಳು. ನಾಲ್ಕನೇ ದಿನ ಟ್ರೇಯಿಂದ ಅಂಗೈ ಅಗಲದ ಹುಲ್ಲಿನ ತುಂಡು ಕಿತ್ತು, ತಿರುವಿನ ಹೊಂಗೆ ಮರದ ಬುಡದಲ್ಲಿ ಇಟ್ಟೆ. ರಾಗಿ ಮೂಸಿದಳು, ಎರಡು ಸುತ್ತು ಹಾಕಿದಳು, ಕೂತಳು. ಜೇಬಲ್ಲಿದ್ದ ಬೇಯಿಸಿದ ಕೋಳಿ ಚೂರು ಅಲ್ಲೇ ಕೊಟ್ಟೆ. ಪ್ಯಾಡ್ ಕಲಿತ ಮರಿಯನ್ನು ಹೀಗೆ ಹೊರಗೆ ಒಗ್ಗಿಸುವುದಕ್ಕೆ ನನ್ನ ಗೆಳತಿಗೆ ಎರಡು ತಿಂಗಳು ಹಿಡಿಯಿತು.

ಮನೆಯಲ್ಲಿ ಮಣ್ಣು, ಬಾಲ್ಕನಿ ಎರಡೂ ಇಲ್ಲದವರಿಗೆ, ಇಡೀ ದಿನ ಕೆಲಸಕ್ಕೆ ಹೋಗುವವರಿಗೆ ಪ್ಯಾಡ್ ಬಿಟ್ಟರೆ ದಾರಿ ಕಡಿಮೆ. ಹಾಗಿದ್ದರೆ ನೆಲದ ಮ್ಯಾಟ್‌ಗಳನ್ನೆಲ್ಲ ಮೊದಲೇ ಎತ್ತಿಡಿ. ಪೇಪರನ್ನು ನಾನೀಗ ಕಕ್ಕ ಎತ್ತುವುದಕ್ಕೆ ಬಳಸುತ್ತೇನೆ, ಅದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಟ್ರೇ ಇನ್ನೂ ಬಾಲ್ಕನಿಯಲ್ಲೇ ಇದೆ. ಸಂಜೆ ಮಳೆ ಹಿಡಿದು ರಸ್ತೆಯಲ್ಲಿ ನೀರು ಹರಿಯುವಾಗ ರಾಗಿ ಮೆಟ್ಟಿಲ ಕಡೆ ಹೋಗುವುದಿಲ್ಲ, ಬಾಲ್ಕನಿ ಬಾಗಿಲಿಗೆ ಹೋಗಿ ನನ್ನ ಮುಖ ನೋಡುತ್ತಾಳೆ.