ಬಂಗಾರಪೇಟೆ ಜಂಕ್ಷನ್: ಪಾನಿಪುರಿ ತಿಂದು ಹಾಗೇ ವಾಪಸ್ ಬರಬೇಡಿ

ಬಂಗಾರಪೇಟೆ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಪಾನಿಪುರಿ. ಅದಕ್ಕೆ ನನ್ನದೇನೂ ತಕರಾರಿಲ್ಲ. ಇಲ್ಲಿನ ಪಾನಿ ನೋಡೋಕೆ ಬರೀ ನೀರು, ಖಾರ ಎಷ್ಟಿದೆ ಅಂತ ಬಾಯಿಗೆ ಬಿದ್ದ ಮೇಲೇ ಗೊತ್ತಾಗುವುದು. ಆದರೆ ಅದಕ್ಕಂತಲೇ ಬೆಂಗಳೂರಿನಿಂದ ರೈಲು ಹತ್ತಿ ಬರುವವರು, ಇಳಿದ ಸ್ಟೇಷನ್ ಕಡೆ ತಿರುಗಿಯೂ ನೋಡದೆ ಹೊರಗೆ ಓಡುತ್ತಾರಲ್ಲ, ಅದು ನನಗೆ ಬೇಜಾರು. ಕೋಲಾರ ಜಿಲ್ಲೆ ಹೇಗೆ ಬೆಳೆಯಿತು ಅಂತ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 5ಕ್ಕೆ 4 ಕೊಡುತ್ತೇನೆ.

ತಮಿಳುನಾಡಿನ ಜೋಲಾರ್‌ಪೇಟೆ ಕಡೆಯಿಂದ ಬೆಂಗಳೂರು ದಂಡಿಗೆ, ಅಂದರೆ ಈಗಿನ ಕಂಟೋನ್ಮೆಂಟಿಗೆ, ರೈಲು ಬಂದದ್ದು 1864ರಲ್ಲಿ, ಅದೇ ದಾರಿಯಲ್ಲಿ ಈ ಸ್ಟೇಷನ್ ಇದೆ. ಆಗ ಮೈಸೂರು ಸಂಸ್ಥಾನದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಕಮಿಷನರ್ ಲೂಯಿನ್ ಬೌರಿಂಗ್. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಇದೆಯಲ್ಲ, ಅದೇ ಬೌರಿಂಗ್. ಊರಿಗೂ ಬೌರಿಂಗ್‌ಪೇಟೆ ಅಂತ ಹೆಸರಿತ್ತು. ಟಿಕೆಟ್ ಮೇಲೆ ಸ್ಟೇಷನ್ ಕೋಡ್ ಈಗಲೂ ಬಿಡಬ್ಲ್ಯೂಟಿ ಅಂತಲೇ ಇದೆ, ನೋಡಿ.

ನನಗೆ ಜಾಸ್ತಿ ಇಷ್ಟ ಕೆಜಿಎಫ್ ಲೈನ್, ಅಂದರೆ ಇಲ್ಲಿಂದ ಕೋಲಾರದ ಚಿನ್ನದ ಗಣಿ ಕಡೆ ಕವಲೊಡೆಯುವ ಹಳಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ಕೆಲಸ ಜೋರು ಮಾಡಿತು. ಅಷ್ಟು ದೊಡ್ಡ ಯಂತ್ರಗಳು, ಬಾಯ್ಲರಿಗೆ ಉರುವಲು, ಸಾವಿರಾರು ಜನ, ಇದೆಲ್ಲ ಎತ್ತಿನ ಗಾಡಿ ನಂಬಿಕೊಂಡು ನಡೆಯುವ ಕೆಲಸವಲ್ಲ. 1894ರಲ್ಲಿ ಈ ಲೈನಿನ ಕೊನೆಯ ಸ್ಟೇಷನ್ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರ್ ಹಳಿ ಬಂತು. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಹೀಗೆ ಗಣಿಗಳ ಹೆಸರನ್ನೇ ಹೊತ್ತ ಸ್ಟೇಷನ್ನುಗಳು ಒಂದರ ಹಿಂದೆ ಒಂದು ಬರುತ್ತವೆ, ಜೊತೆಗೆ ಕಿಟಕಿಯಾಚೆ ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದು ಸುರಿದು ಆದ ಗುಡ್ಡಗಳು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಲೈನ್ ಮುಚ್ಚಲಿಲ್ಲ. ಮೊದಲು ಗಣಿಗೆ ಜನರನ್ನು ತಂದ ಅದೇ ರೈಲು ಈಗ ಗಣಿಯವರ ಮಕ್ಕಳನ್ನು ಬೆಂಗಳೂರಿನ ಕೆಲಸಕ್ಕೆ ಕರೆದುಕೊಂಡು ಹೋಗುತ್ತದೆ. ಬೆಳಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಒಂದಷ್ಟು ಹೊತ್ತು ನಿಂತು ನೋಡಿ. ಹೆಗಲಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ, ಜೇಬಿನಲ್ಲಿ ಸೀಸನ್ ಪಾಸ್. ಒಂದೇ ಗುಂಪಿನಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಈ ಜನರಿಗೆ ರೈಲು ಅಂದರೆ ಸಂಬಳ, ಸುಮ್ನೆ ಮಾತಲ್ಲ.

ಇನ್ನು ಕೋಲಾರದ ಲೈನ್. 1913ರಲ್ಲಿ ಶುರುವಾದಾಗ ಇದು ಪುಟ್ಟ ರೈಲು, ಹಳಿಯ ಅಗಲ 2 ಅಡಿ 6 ಇಂಚು ಮಾತ್ರ. ಮೇನ್ ಲೈನಿನದು 5 ಅಡಿ 6 ಇಂಚು. ಹಾಗಾಗಿ ಗಾಡಿ ನೇರ ಹೋಗುವ ಹಾಗಿಲ್ಲ, ಜನ ಇಳಿದು ಹತ್ತಬೇಕು, ಮೂಟೆಗಳನ್ನು ಇಲ್ಲೇ ಇಳಿಸಿ ಏರಿಸಬೇಕು. ಆಮೇಲೆ ಈ ಪುಟ್ಟ ಹಳಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರದವರೆಗೂ ಹೋಯಿತು. 1990ರ ದಶಕದಲ್ಲಿ ಕೋಲಾರದವರೆಗಿನ ಹಳಿ ಅಗಲವಾಯಿತು, ಅದರ ಮೇಲೆ ಬಸ್ಸಿನಂಥ ಒಂದು ರೈಲ್‌ಬಸ್ ಓಡುತ್ತಿತ್ತು, ನೆನಪಿದೆಯಾ? ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ಅಗಲ ಹಳಿ ಸಿಕ್ಕಿದ್ದು ಮಾತ್ರ 2013ರಲ್ಲಿ.

ಒಂದು ಅಂಕ ಕಡಿಮೆ ಕೊಟ್ಟದ್ದು ಇದಕ್ಕೇ. ಕೋಲಾರದ ಕಡೆ ಓಡುವ ರೈಲು ತುಂಬಾ ಕಡಿಮೆ. ಟೊಮೆಟೊ, ರೇಷ್ಮೆ ಬೆಳೆಯುವ ಊರುಗಳ ಮಧ್ಯೆ ಹಾದುಹೋಗುವ ಹಳಿ, ಇನ್ನೂ ನಾಲ್ಕು ರೈಲು ಬಿಟ್ಟರೆ ಜನ ಹತ್ತುತ್ತಾರೆ, ಅಲ್ವಾ? ಬೆಂಗಳೂರಿಗೆ ಹೋಗುವ ಬೆಳಗಿನ ಗಾಡಿಗಳಲ್ಲಂತೂ ಕಾಲಿಡೋಕೆ ಜಾಗ ಇರುವುದಿಲ್ಲ.

ಹೋಗುವವರು ಕೆಲಸದ ದಿನ ಬೆಳಗ್ಗೆ ಬೆಂಗಳೂರಿನಿಂದ ಹೊರಡಿ. ಜನ ಎಲ್ಲ ಎದುರು ದಿಕ್ಕಿಗೆ ಹೋಗುತ್ತಿರುತ್ತಾರೆ, ಕಿಟಕಿ ಸೀಟು ಸಿಗುತ್ತದೆ. ಮಾರಿಕುಪ್ಪಂವರೆಗೆ ಟಿಕೆಟ್ ತೆಗೆದುಕೊಳ್ಳಿ, ವಾಪಸ್ ಗಾಡಿಯ ಟೈಮು ಅಲ್ಲೇ ಕೇಳಿಕೊಳ್ಳಿ. ಪಾನಿಪುರಿಗೆ ಸಂಜೆ ಬಂಗಾರಪೇಟೆಯಲ್ಲಿ ಇಳಿದರಾಯಿತು.